ಅಟ್ಟದಿಂದ ಇಳಿದ ಲೆಗೋ: ಓದುಗರ ಪ್ರಶ್ನೆ, ನಮ್ಮ ಉತ್ತರ

ದೊಡ್ಡವರಾದ ಮೇಲೆ ಮತ್ತೆ ಲೆಗೋ (ಒಂದಕ್ಕೊಂದು ಕೂಡುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ) ಜೋಡಿಸಲು ಕೂತವರಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಎಷ್ಟೋ ಪತ್ರಗಳು ‘ಯಾವ ಸೆಟ್ ಕೊಳ್ಳಲಿ?’ ಎಂದೇ ಶುರುವಾಗುತ್ತವೆ. ಅದಕ್ಕೂ ಉತ್ತರ ಕೊಟ್ಟಿದ್ದೇವೆ, ಆದರೆ ಮೊದಲಿಗಲ್ಲ. ಮನೆಯಲ್ಲಿ ಹಳೆಯ ಡಬ್ಬ ಇದ್ದವರು ಅಂಗಡಿಗೆ ಹೋಗುವ ಮುಂಚೆ ಅದರ ಮುಚ್ಚಳ ತೆಗೆಯಬೇಕು.

ಪ್ರಶ್ನೆ: 1990ರ ದಶಕದಲ್ಲಿ ನನ್ನ ಚಿಕ್ಕಪ್ಪ ಹೊರದೇಶದಿಂದ ತಂದುಕೊಟ್ಟಿದ್ದ ಲೆಗೋ ಅಟ್ಟದ ಮೇಲೆ ಸಿಕ್ಕಿದೆ. ಸುಮಾರು ನಾಲ್ಕು ಕಿಲೋ ಇದೆ. ಧೂಳು ಹಿಡಿದು, ಬಿಳಿ ಇಟ್ಟಿಗೆಗಳು ಹಳದಿಯಾಗಿವೆ. ಈಗಿನ ಸೆಟ್‌ಗಳಿಗೆ ಇವು ಕೂಡುತ್ತವೆಯೇ? ತೊಳೆಯುವುದು ಹೇಗೆ? (ಓದುಗರು, ಹುಬ್ಬಳ್ಳಿ)

ಕೂಡುತ್ತವೆ. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿರುವ ಲೆಗೋ ಕಂಪನಿ, ಮೇಲೆ ಗುಬುಟು (ದುಂಡನೆಯ ಉಬ್ಬು), ಒಳಗೆ ಕೊಳವೆ ಇರುವ ಈಗಿನ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅಳತೆ ಅಲ್ಲಿಂದ ಬದಲಾಗಿಲ್ಲ. 1963ರಿಂದ ಇಟ್ಟಿಗೆಗೆ ಬಳಸುತ್ತಿರುವುದು ಎ.ಬಿ.ಎಸ್. ಪ್ಲಾಸ್ಟಿಕ್. ಬಣ್ಣ ಮಾಸಿದರೂ, ಮೂವತ್ತು ವರ್ಷ ಅಟ್ಟದಲ್ಲಿದ್ದ ಮಾತ್ರಕ್ಕೆ ಅದರ ಹಿಡಿತ ಹೋಗದು.

ತೊಳೆಯುವ ಮೊದಲು ನಾಲ್ಕು ಬಗೆಯ ವಸ್ತುಗಳನ್ನು ಎತ್ತಿಡಿ: ಮೋಟಾರು, ಬ್ಯಾಟರಿ ಪೆಟ್ಟಿಗೆ, ದೀಪದಂಥ ವಿದ್ಯುತ್ ಭಾಗಗಳು, ಸ್ಟಿಕ್ಕರ್ ಅಂಟಿಸಿದವು, ಬಟ್ಟೆ ಮತ್ತು ದಾರ, ರಬ್ಬರ್ ಟಯರು. ಬ್ಯಾಟರಿ ಪೆಟ್ಟಿಗೆಯೊಳಗೆ ಬಿಳಿ ಹುಡಿ ಕಂಡರೆ ಅದು ಸೋರಿದ ಆಲ್ಕಲೈನ್ ಬ್ಯಾಟರಿಯ ಕ್ಷಾರ. ಹತ್ತಿಯ ತುದಿಗೆ ವಿನೆಗರ್ ಅಥವಾ ನಿಂಬೆರಸ ಹಚ್ಚಿ ತಿಕ್ಕಿ, ಆಮೇಲೆ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿ ಪೂರ್ತಿ ಒಣಗಿಸಿ.

ಅಂಟಿಕೊಂಡಿರುವ ಇಟ್ಟಿಗೆಗಳನ್ನೆಲ್ಲ ಬಿಡಿಸಿಯೇ ತೊಳೆಯಬೇಕು. ಇಲ್ಲದಿದ್ದರೆ ಸಂದಿಯಲ್ಲಿ ನೀರು ನಿಂತು, ಒಣಗಿದ ಮೇಲೆ ಸುಣ್ಣದ ಕಲೆ ಉಳಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಚಮಚ ಹಾಕಿ ಅರ್ಧ ಗಂಟೆ ನೆನೆಸಿ, ಕೈಯಿಂದ ಕಲಸಿ. ಮೂಲೆಯ ಕೊಳೆಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಕುದಿನೀರಿಗೆ ಹಾಕಿದರೆ ಪ್ಲೇಟ್‌ಗಳು (ಇಟ್ಟಿಗೆಯ ಮೂರನೇ ಒಂದು ಭಾಗ ಎತ್ತರದ ತೆಳ್ಳಗಿನ ತುಂಡುಗಳು) ಬಾಗುತ್ತವೆ, ಮತ್ತೆ ನೇರವಾಗವು. ವಾಷಿಂಗ್ ಮೆಷಿನ್ ಬೇಡ. ಒಂದಕ್ಕೊಂದು ಉಜ್ಜಿ ಹೊಳಪು ಹೋಗುತ್ತದೆ. ನಿಮ್ಮೂರಿನ ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೊನೆಯ ಜಾಲಾಡಿಕೆಗೆ ಫಿಲ್ಟರ್ ನೀರು ಬಳಸಿ. ಹಳೆಯ ಪಂಚೆಯ ಮೇಲೆ, ಗುಬುಟು ಮೇಲೆ ಮಾಡಿ, ಫ್ಯಾನ್ ಕೆಳಗೆ ಒಂದು ದಿನ ಒಣಗಲು ಬಿಡಿ. ಬಿಸಿಲಿಗೆ ಇಡಬೇಡಿ.

ಹಳದಿ ಬಣ್ಣ ಕೊಳೆಯಲ್ಲ, ತೊಳೆದರೆ ಹೋಗದು. ಬೆಳಕು ಮತ್ತು ಗಾಳಿಯಿಂದ ಪ್ಲಾಸ್ಟಿಕ್ಕಿನ ಮೇಲ್ಪದರ ಬದಲಾಗಿರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ, ಪಾರದರ್ಶಕ ಡಬ್ಬದಲ್ಲಿ ಬಿಸಿಲಿಗಿಟ್ಟರೆ ನಾಲ್ಕರಿಂದ ಎಂಟು ಗಂಟೆಯಲ್ಲಿ ಬಿಳಿ ಬಹುಪಾಲು ಮರಳುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ಬಿಸಿಲು ಬೇಕು. ಗುಳ್ಳೆ ಹತ್ತಿ ಇಟ್ಟಿಗೆಗಳು ತೇಲುತ್ತವೆ, ತೇಲಿದ ಭಾಗ ಹಳದಿಯಾಗಿಯೇ ಉಳಿಯುತ್ತದೆ. ಹಾಗಾಗಿ ಮೇಲೊಂದು ಪ್ಲಾಸ್ಟಿಕ್ ಜಾಲರಿ ಒತ್ತಿಟ್ಟು ಗಂಟೆಗೊಮ್ಮೆ ತಿರುವಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಆಮ್ಲಜನಕ ಹೊರಬರುವುದರಿಂದ ಮುಚ್ಚಳ ಬಿಗಿಯಬೇಡಿ. ಬಣ್ಣದ ಇಟ್ಟಿಗೆ, ಚಿತ್ರ ಮುದ್ರಿಸಿದ ಇಟ್ಟಿಗೆಗಳಿಗೆ ಈ ಉಪಾಯ ಬೇಡ, ಮಾಸಿಹೋಗುತ್ತವೆ. ಬೆಳ್ಳಗಾದದ್ದೂ ಕೆಲವು ವರ್ಷಗಳಲ್ಲಿ ಮತ್ತೆ ಹಳದಿಗೆ ತಿರುಗಬಹುದು. ಆದ್ದರಿಂದ ಗೋಡೆಯ ಒಳಗೆ ಮರೆಯಾಗುವ ಇಟ್ಟಿಗೆಗಳಿಗೆ ಈ ಶ್ರಮ ಅನಗತ್ಯ.

ಪ್ರಶ್ನೆ: ವಿಂಗಡಣೆ ಬಣ್ಣದ ಪ್ರಕಾರ ಮಾಡಲೇ, ಆಕಾರದ ಪ್ರಕಾರವೇ? (ಬೆಂಗಳೂರು)

ಆಕಾರದ ಪ್ರಕಾರ. ಕೆಂಪು ರಾಶಿಯಲ್ಲಿ ಕೆಂಪು 1×1 ಪ್ಲೇಟ್ (ಒಂದೇ ಗುಬುಟಿನದು) ಹುಡುಕುವುದು ಅಕ್ಕಿಯಲ್ಲಿ ಬಿಳಿ ಕಲ್ಲು ಹುಡುಕಿದ ಹಾಗೆ. ಅದೇ 1×1 ಪ್ಲೇಟ್‌ಗಳ ಡಬ್ಬದಲ್ಲಿ ಕೆಂಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಮೊದಲು ಆರೇ ಗುಂಪು ಮಾಡಿ: ಇಟ್ಟಿಗೆ, ಪ್ಲೇಟ್, ಗುಬುಟಿಲ್ಲದ ಟೈಲ್, ಇಳಿಜಾರಿನವು, ಟೆಕ್ನಿಕ್ ಭಾಗಗಳು (ಹಲ್ಲುಗಾಲಿ, ಅಚ್ಚು, ಪಕ್ಕದಲ್ಲಿ ತೂತಿರುವ ಇಟ್ಟಿಗೆಯಂಥ ಯಂತ್ರದ ತುಂಡುಗಳು), ಉಳಿದದ್ದು. ಒಂದು ಗುಂಪು ಎರಡು ಹಿಡಿ ಮೀರಿದಾಗ ಅದನ್ನು ಒಡೆದರೆ ಸಾಕು. ಮೊದಲ ದಿನವೇ ಅರವತ್ತು ಖಾನೆ ಮಾಡಿದವರು ಬೇಸತ್ತು ನಡುವೆಯೇ ಕೈಬಿಡುತ್ತಾರೆ.

ಅಂಟಿದ ಪ್ಲೇಟ್‌ಗಳಿಗೆ ಹಲ್ಲು, ಚಾಕು ಎರಡೂ ಬೇಡ. ಸೆಟ್‌ಗಳ ಜತೆ ಬರುವ ಕಿತ್ತಳೆ ಬಣ್ಣದ ಸೆಪರೇಟರ್ (ಇಟ್ಟಿಗೆ ಬಿಡಿಸುವ ಸಾಧನ) ಎರಡಿದ್ದರೆ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಕೂರಿಸಿ ಹಿಡಿಕೆಗಳನ್ನು ಇಕ್ಕಳದಂತೆ ಒತ್ತಿ. ಒಂದೂ ಇಲ್ಲವಾದರೆ ಮೇಲಿನ ಪ್ಲೇಟಿಗೆ ಉದ್ದನೆಯ ಇಟ್ಟಿಗೆಯೊಂದನ್ನು ಕೂರಿಸಿ ಸನ್ನೆಯಂತೆ ಬಾಗಿಸಿ.

ಪ್ರಶ್ನೆ: ಸೂಚನಾ ಪುಸ್ತಕಗಳು ಕಳೆದುಹೋಗಿವೆ, ಯಾವ ಯಾವ ಸೆಟ್ ಇತ್ತು ಎಂಬುದೂ ನೆನಪಿಲ್ಲ. ಕೆಲವು ತುಂಡುಗಳೂ ಇಲ್ಲ. ಹಳೆಯದನ್ನೇ ಮತ್ತೆ ಕಟ್ಟಲು ಸಾಧ್ಯವೇ? (ಮಂಗಳೂರು)

ಇಟ್ಟಿಗೆಯನ್ನು ಮಗುಚಿ ಬೆಳಕಿಗೆ ಹಿಡಿಯಿರಿ. ಒಳಗೆ ಪುಟ್ಟ ಅಂಕಿ ಕಾಣುತ್ತದೆ. 3001 ಎಂದರೆ 2×4 ಇಟ್ಟಿಗೆ, 3020 ಎಂದರೆ ಅದೇ ಅಳತೆಯ ಪ್ಲೇಟ್, 3023 ಎಂದರೆ 1×2 ಪ್ಲೇಟ್. ಇವು ಬಹಳಷ್ಟು ಸೆಟ್‌ಗಳಲ್ಲಿ ಇರುವುದರಿಂದ ಸುಳಿವಿಗೆ ಪ್ರಯೋಜನವಿಲ್ಲ. ಅಪರೂಪದ್ದನ್ನು ಆರಿಸಿ: ಚಿತ್ರವಿರುವ ಇಟ್ಟಿಗೆ, ವಿಚಿತ್ರ ಬಣ್ಣದ ಕಿಟಕಿ, ಗೊಂಬೆಯ ಅಂಗಿ. ಅದರ ಸಂಖ್ಯೆಯನ್ನೋ ವರ್ಣನೆಯನ್ನೋ ಲೆಗೋದ ಬಿಡಿ ತುಂಡು ಮಾರುವ ಬ್ರಿಕ್‌ಲಿಂಕ್ ಜಾಲತಾಣದಲ್ಲಿ ಹುಡುಕಿದರೆ ಅದು ಯಾವ ಸೆಟ್‌ಗಳಲ್ಲಿ ಬಂದಿತ್ತು ಎಂಬ ಪಟ್ಟಿ ಸಿಗುತ್ತದೆ. ಮೂರು ಅಪರೂಪದ ತುಂಡು ಒಂದೇ ಸೆಟ್ ಕಡೆ ಬೆರಳು ಮಾಡಿದರೆ ಅದೇ ನಿಮ್ಮ ಸೆಟ್. ಸೆಟ್ ಸಂಖ್ಯೆ ಗೊತ್ತಾದರೆ ಕಂಪನಿಯ ತಾಣದಲ್ಲೇ ಎಷ್ಟೋ ಹಳೆಯ ಸೂಚನಾ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಇರುವ ಸೆಟ್‌ಗಳ ಸಂಖ್ಯೆಯನ್ನು ರಿಬ್ರಿಕಬಲ್ ತಾಣಕ್ಕೆ ಕೊಟ್ಟರೆ, ಅದೇ ತುಂಡುಗಳಿಂದ ಇನ್ನೇನು ಕಟ್ಟಬಹುದು ಎಂದೂ ತೋರಿಸುತ್ತದೆ.

ಬಿಡಿ ತುಂಡು ತರಿಸುವಾಗ ಎಡವುವುದು ಬಣ್ಣದಲ್ಲಿ. 2004ರ ಸುಮಾರಿಗೆ ಲೆಗೋ ತನ್ನ ಎರಡು ಬೂದು ಬಣ್ಣಗಳನ್ನೂ ಕಂದನ್ನೂ ಬದಲಿಸಿತು. ಹೊಸ ಬೂದಿನಲ್ಲಿ ನೀಲಿ ಛಾಯೆ ಇದೆ. 1990ರ ದಶಕದ ಕೋಟೆಯ ಗೋಡೆಗೆ ಈಗಿನ ಬೂದು ಇಟ್ಟಿಗೆ ಸೇರಿಸಿದರೆ ತೇಪೆ ಹಚ್ಚಿದಂತೆ ಕಾಣುತ್ತದೆ. ಬ್ರಿಕ್‌ಲಿಂಕ್‌ನಲ್ಲಿ ‘ಲೈಟ್ ಗ್ರೇ’ ಎಂದರೆ ಹಳೆಯದು, ‘ಲೈಟ್ ಬ್ಲೂಯಿಶ್ ಗ್ರೇ’ ಎಂದರೆ ಹೊಸದು. ಕಂಪನಿ ಇಟ್ಟ ಹೆಸರು, ಬ್ರಿಕ್‌ಲಿಂಕ್ ಇಟ್ಟ ಹೆಸರು ಬೇರೆ ಬೇರೆ ಎಂಬುದನ್ನೂ ಗಮನಿಸಿ. ಕಂಪನಿಯ ‘ಡಾರ್ಕ್ ಗ್ರೀನ್’ ಬ್ರಿಕ್‌ಲಿಂಕ್‌ನಲ್ಲಿ ಬರೀ ‘ಗ್ರೀನ್’. ಬ್ರಿಕ್‌ಲಿಂಕ್‌ನ ‘ಡಾರ್ಕ್ ಗ್ರೀನ್’ ಕಂಪನಿಯ ಪಟ್ಟಿಯಲ್ಲಿ ‘ಅರ್ಥ್ ಗ್ರೀನ್’. ಹೆಸರು ನಂಬಿ ಇನ್ನೂರು ತುಂಡು ತರಿಸಬೇಡಿ. ಮೊದಲು ಒಂದು ತರಿಸಿ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ಹಳೆಯದೇನೂ ಇಲ್ಲ, ಹೊಸದಾಗಿ ಕೊಳ್ಳಬೇಕು. ಮೊದಲ ಸೆಟ್ ಎಷ್ಟು ದೊಡ್ಡದಿರಲಿ? (ಶಿವಮೊಗ್ಗ)

600ರಿಂದ 900 ತುಂಡು. ಬಿಡುವಾಗಿ ಜೋಡಿಸಿದರೆ ಗಂಟೆಗೆ 150–200 ತುಂಡು ಸಾಗುತ್ತದೆ, ಎರಡು ಭಾನುವಾರಕ್ಕೆ ಮುಗಿಯುತ್ತದೆ. 2021ರಲ್ಲಿ ಶುರುವಾದ ಸಸ್ಯಗಳ ಸರಣಿಯ (ಬೊಟಾನಿಕಲ್) ಬೋನ್ಸಾಯ್ 878 ತುಂಡಿನದು, ಹೂಗುಚ್ಛ 756ರದ್ದು. ಎರಡೂ ಈ ಅಳತೆಗೆ ಒಳ್ಳೆಯ ಮಾದರಿ. ಅದರ ನಂತರದ ಮೆಟ್ಟಿಲು ಮಾಡ್ಯುಲರ್ ಕಟ್ಟಡಗಳು, ಅಂದರೆ ಪಕ್ಕಪಕ್ಕ ಜೋಡಿಸಿ ಬೀದಿ ಮಾಡಬಹುದಾದವು. 2007ರ ಕೆಫೆ ಕಾರ್ನರ್‌ನಿಂದ (2056 ತುಂಡು) ಈ ಸರಣಿ ಆರಂಭ. ಒಳಾಂಗಣ, ಮೆಟ್ಟಿಲು, ತೆಗೆದಿಡಬಲ್ಲ ಮಹಡಿ ಇವುಗಳಿಂದ ಕಲಿಯುವಷ್ಟು ತಂತ್ರ ಬೇರೆ ಸರಣಿಯಿಂದ ಸಿಗದು ಎಂಬುದು ನಮ್ಮ ಅನಿಸಿಕೆ. ತಾಜ್ ಮಹಲ್ ಆಸೆ ಹಲವರಿಗಿದೆ. 2008ರಲ್ಲಿ 5922 ತುಂಡುಗಳೊಂದಿಗೆ ಬಂದು, 2017ರಲ್ಲಿ 5923 ತುಂಡುಗಳೊಂದಿಗೆ ಮರಳಿದ ಸೆಟ್ ಅದು. ಅಡಿ 51 ಸೆಂಟಿಮೀಟರ್ ಅಗಲ. ಒಂದೇ ಬಗೆಯ ಬಿಳಿ ಕಮಾನನ್ನು ಮತ್ತೆ ಮತ್ತೆ ಕಟ್ಟಬೇಕಾಗುತ್ತದೆ, ಮೊದಲ ಸೆಟ್‌ಗೆ ತಕ್ಕದ್ದಲ್ಲ.

ಪೆಟ್ಟಿಗೆಯ ಮೇಲಿನ 18+ ಎಂಬುದು ಯಾರಿಗಾಗಿ ಮಾಡಿದ್ದು ಎಂದು ಹೇಳುತ್ತದೆಯೇ ಹೊರತು ಎಷ್ಟು ಕಷ್ಟ ಎಂದಲ್ಲ.

ನಮ್ಮಲ್ಲಿ ಬೆಲೆ ಏಕೆ ಹೆಚ್ಚು ಎಂದೂ ಕೇಳಿದ್ದೀರಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ವಿದೇಶದಿಂದ ಅಂಚೆಯಲ್ಲಿ ತರಿಸಿದರೂ ಸುಂಕ ಬೀಳುತ್ತದೆ, ಲೆಕ್ಕ ಹಾಕಿಯೇ ತರಿಸಿ.

ಪ್ರಶ್ನೆ: ಲೆಗೋಗೆ ಹೊಂದುವ ಬೇರೆ ಕಂಪನಿಯ ಇಟ್ಟಿಗೆಗಳು ಅರ್ಧ ಬೆಲೆಗೆ ಸಿಗುತ್ತವೆ. ಬೆರೆಸಬಹುದೇ? (ಕಲಬುರಗಿ)

ಮೂಲ ಇಟ್ಟಿಗೆಯ ಪೇಟೆಂಟ್ ಮುಗಿದು ದಶಕಗಳಾಗಿವೆ, ಹೊಂದುವ ಇಟ್ಟಿಗೆ ಮಾಡುವುದು ತಪ್ಪಲ್ಲ. ಲೆಗೋ ಸೆಟ್‌ನ ವಿನ್ಯಾಸವನ್ನೇ ನಕಲು ಮಾಡಿದ್ದು ಬೇರೆ ಮಾತು, ಅದನ್ನು ಕೊಳ್ಳಬೇಡಿ. ಅಳತೆ ನೋಡಲು 20 ಪ್ಲೇಟ್ ಒಂದರ ಮೇಲೊಂದು ಪೇರಿಸಿ. ಗುಬುಟು ಬಿಟ್ಟು 64 ಮಿಲಿಮೀಟರ್ ಬರಬೇಕು. ಅರ್ಧ ಮಿಲಿಮೀಟರ್ ವ್ಯತ್ಯಾಸ ಬಂದರೂ ಆ ತುಂಡುಗಳನ್ನು ಎತ್ತರದ ಗೋಡೆಯಲ್ಲಿ ಬೆರೆಸಬೇಡಿ, ಮೇಲಿನ ಸಾಲು ಕೂಡುವುದಿಲ್ಲ. ಗುಡ್ಡ, ನೆಲ, ತುಂಬುವ ಒಳಭಾಗಕ್ಕೆ ಧಾರಾಳ ಬಳಸಿ. ಮನೆಯಲ್ಲಿ ಮಕ್ಕಳಿದ್ದರೆ ಐ.ಎಸ್.ಐ. ಗುರುತು ನೋಡಿ. 14 ವರ್ಷದೊಳಗಿನವರ ಆಟಿಕೆಗಳಿಗೆ ಅದು 2021ರ ಜನವರಿ 1ರಿಂದ ಕಡ್ಡಾಯ.

ಪ್ರಶ್ನೆ: ಗೋಡೆಯ ನಡುವೆ ಪ್ಲೇಟ್‌ಗಳನ್ನು ಗುಬುಟು ಪಕ್ಕಕ್ಕೆ ಬರುವಂತೆ ಅಡ್ಡ ಮಲಗಿಸಿ ಪಟ್ಟೆ ಮಾಡಲು ಹೊರಟೆ. ಕೆಲವು ಕಡೆ ಸಡಿಲ, ಕೆಲವು ಕಡೆ ತುರುಕಿದರೂ ಹೋಗುವುದಿಲ್ಲ. ಲೆಕ್ಕ ಎಲ್ಲಿ ತಪ್ಪಿದೆ? (ಮೈಸೂರು)

ಈ ಹವ್ಯಾಸದ ಗಣಿತವೆಲ್ಲ ನಿಮ್ಮ ಪ್ರಶ್ನೆಯಲ್ಲೇ ಇದೆ. ಒಂದು ಗುಬುಟಿನ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6, ಪ್ಲೇಟಿನದು 3.2. ಹಾಗಾಗಿ 5 ಪ್ಲೇಟ್ ಪೇರಿಸಿದರೆ 16 ಮಿ.ಮೀ., ಅಂದರೆ ಸರಿಯಾಗಿ 2 ಗುಬುಟಿನ ಅಗಲ. 5 ಇಟ್ಟಿಗೆ ಪೇರಿಸಿದರೆ 48 ಮಿ.ಮೀ., ಅಂದರೆ 6 ಗುಬುಟು. ಅಡ್ಡ ಮಲಗಿಸುವ ಕಿಂಡಿಯ ಅಗಲ ಸಮಸಂಖ್ಯೆಯಲ್ಲೇ ಇರಬೇಕು. 3 ಗುಬುಟು ಎಂದರೆ 24 ಮಿ.ಮೀ., ಅದಕ್ಕೆ ಏಳೂವರೆ ಪ್ಲೇಟ್ ಬೇಕು. ಏಳು ಇಟ್ಟರೆ ಸಡಿಲ, ಎಂಟು ಹೋಗದು.

ಹೀಗೆ ಮಾಡಿ ನೋಡಿ. 2 ಗುಬುಟು ಅಗಲ, 5 ಇಟ್ಟಿಗೆ ಎತ್ತರದ ಕಿಂಡಿ ಬಿಡಿ. ಅದಕ್ಕೆ 1×6 ಅಳತೆಯ 4 ಪ್ಲೇಟ್ ಮತ್ತು 1 ಟೈಲ್ ಬೇಕು. ಐದೂ ಪ್ಲೇಟ್ ಹಾಕಿದರೆ ಕೊನೆಯದರ ಗುಬುಟು ಎದುರು ಗೋಡೆಗೆ ತಾಗುತ್ತದೆ, ನಿಮ್ಮಲ್ಲಿ ‘ತುರುಕಿದರೂ ಹೋಗದ’ ಜಾಗ ಬಹುಶಃ ಇದೇ. ಇವನ್ನು ಹಿಡಿಯಲು ಕಿಂಡಿಯ ಒಂದು ಬದಿಯ ಕಂಬದಲ್ಲಿ, ಪಕ್ಕದಲ್ಲೂ ಗುಬುಟಿರುವ 1×1 ಇಟ್ಟಿಗೆ (87087) ಮೂರು ಬೇಕು. ಆದರೆ ಅವನ್ನು ಒಂದರ ಮೇಲೊಂದು ಇಟ್ಟರೆ ಪಕ್ಕದ ಗುಬುಟುಗಳ ಅಂತರ 9.6 ಆಗುತ್ತದೆ, ಪ್ಲೇಟಿನ ಅಡಿಯ ತೂತುಗಳ ಅಂತರ 8. ಕೂಡುವುದು ಹೇಗೆ? ನಡುವೆ ಎರಡೆರಡು ಪ್ಲೇಟ್ ಇಟ್ಟರೆ ಅಂತರ 16 ಆಗಿ ಸರಿಹೋಗುತ್ತದೆ. ಕಂಬವನ್ನು ಕೆಳಗಿನಿಂದ ಎರಡು ಪ್ಲೇಟ್, ಒಂದು 87087 ಎಂದು ಮೂರು ಸಲ ಏರಿಸಿ. ಒಟ್ಟು ಎತ್ತರ 48 ಮಿ.ಮೀ., ಅಕ್ಕಪಕ್ಕದ ಐದು ಇಟ್ಟಿಗೆಗೆ ಸಮ. ಕ್ರಮ ತಿರುಗುಮುರುಗಾದರೆ ಪಟ್ಟಿ ಕಿಂಡಿಗೆ ಸರಿಯಾಗಿ ಕೂರುವುದಿಲ್ಲ. ಪಟ್ಟಿಯನ್ನು ಕೂರಿಸಿದ ಮೇಲೆಯೇ ಎದುರು ಬದಿಯ ಗೋಡೆ ಎಬ್ಬಿಸಿ.

ಪ್ರಶ್ನೆ: ಊರಿನ ಹಂಚಿನ ಮನೆಯ ಮಾದರಿ ಕಟ್ಟುವ ಆಸೆ. ಮನೆ ಸುಮಾರು 30 ಅಡಿ ಉದ್ದ, 20 ಅಡಿ ಅಗಲ. ಎಷ್ಟು ಸಾಮಾನು ಬೇಕು? (ಪುತ್ತೂರು)

ಲೆಗೋ ಗೊಂಬೆಯ ಎತ್ತರ ಸುಮಾರು 40 ಮಿ.ಮೀ. ಅದನ್ನು 5 ಅಡಿ 7 ಅಂಗುಲದ ಮನುಷ್ಯ ಎಂದುಕೊಂಡರೆ ಪ್ರಮಾಣ 1:42, ಒಂದು ಗುಬುಟಿಗೆ ಸುಮಾರು 34 ಸೆಂ.ಮೀ. ನಿಮ್ಮ ಮನೆ 27×18 ಗುಬುಟು ಆಗುತ್ತದೆ. ಉದ್ದವನ್ನು 26ಕ್ಕೆ ಇಳಿಸಿದರೆ ಎರಡೂ ಕಡೆ ಸಮವಾಗಿ ಸೂರು ಚಾಚಿ 30 ಗುಬುಟಿನ ಮಾಡು (ಚಾವಣಿ) ಕೂರುತ್ತದೆ. ಅಂಗಳ ಸೇರಿ 32×32ರ ತಳಹಾಸು ಸಾಕು.

ಗೋಡೆ ಸುಲಭ, ಕಷ್ಟವೆಲ್ಲ ಮಾಡಿನದು. ಪೆಟ್ಟಿಗೆಯಲ್ಲಿ ಹೆಚ್ಚಾಗಿ ಸಿಗುವ ಇಳಿಜಾರು ಇಟ್ಟಿಗೆ 45 ಡಿಗ್ರಿಯದು, ಹಂಚಿನ ಮನೆಗೆ ಅದು ತೀರಾ ಕಡಿದು. ಬದಲಿಗೆ ಎರಡು ಚಪ್ಪಟೆ ಹಲಗೆ ಮಾಡಿ ಕೀಲಿನ ಮೇಲೆ ಕೂರಿಸಬೇಕು. ಉದ್ದಕ್ಕೂ ನಡುವೆ ಒಂದು ಗೋಡೆ ಎಬ್ಬಿಸಿ, ಅದರ ಕೀಲು ಹೊರಗೋಡೆಯ ತುದಿಗಿಂತ 14 ಪ್ಲೇಟ್ (44.8 ಮಿ.ಮೀ.) ಮೇಲಿರಲಿ. ಹೊರಗೋಡೆಗೆ ದೂರ 9 ಗುಬುಟು, ಅಂದರೆ 72 ಮಿ.ಮೀ. ಇಳಿಜಾರು 32 ಡಿಗ್ರಿಯ ಹತ್ತಿರ ಬರುತ್ತದೆ. ಹಲಗೆಯ ಅಗಲ 13 ಗುಬುಟು ಇಟ್ಟರೆ ಸೂರು ಗೋಡೆಯಿಂದ ಎರಡು ಗುಬುಟು ಹೊರಚಾಚುತ್ತದೆ, ನಿಜದ ಲೆಕ್ಕದಲ್ಲಿ ಎರಡಡಿ ಚಿಲ್ಲರೆ. ನಿಮ್ಮ ಕಡೆಯ ಮಳೆಗೆ ಅಷ್ಟು ಸೂರು ಇಲ್ಲದಿದ್ದರೆ ಮಾದರಿಯೂ ಸುಳ್ಳಾಗಿ ಕಾಣುತ್ತದೆ.

ಹಲಗೆಯನ್ನು ಒಂದೇ ಪದರದಲ್ಲಿ ಮಾಡಿದರೆ ನಡುವೆ ಜೋತುಬೀಳುತ್ತದೆ. ಎರಡು ಪದರ ಹಾಕಿ, ಮೇಲಿನ ಪದರದ ಕೂಡುಗೆರೆ ಕೆಳಗಿನದರ ಮೇಲೆ ಬಾರದಂತೆ ಜರುಗಿಸಿ. ಹಲಗೆಗೆ ನಾಲ್ಕು ಕೀಲು (3937 ಮತ್ತು 3938ರ ಜೋಡಿ) ಸಾಕು, ಕೆಳತುದಿ ಗೋಡೆಯ ಮೇಲೆ ಸುಮ್ಮನೆ ಒರಗಿರಲಿ. ಹಂಚಿಗೆ ಗೀರುಗಳಿರುವ 1×2 ಟೈಲ್ (2412) ಚೆನ್ನಾಗಿ ಒಪ್ಪುತ್ತದೆ. ಗೀರು ನೆತ್ತಿಯಿಂದ ಸೂರಿನ ಕಡೆಗೆ ಬರುವಂತೆ ಕೂರಿಸಿ. ಅಗಲ 13 ಗುಬುಟು ಆದ್ದರಿಂದ ನೆತ್ತಿಯ ಒಂದು ಸಾಲನ್ನು ಮಾತ್ರ ಅಡ್ಡ ಕೂರಿಸಬೇಕಾಗುತ್ತದೆ. ಹಲಗೆಯೊಂದಕ್ಕೆ 195, ಎರಡಕ್ಕೆ 390, ಮುರಿದದ್ದಕ್ಕೆಂದು 20 ಸೇರಿಸಿ 410 ತರಿಸಿ. ಎಲ್ಲವೂ ಒಂದೇ ಕೆಂಗಂದು ಬಣ್ಣವಾದರೆ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. ಹತ್ತರಲ್ಲಿ ಎರಡು ಕಡುಕಿತ್ತಳೆ, ಒಂದು ಕಡುಗೆಂಪು ಅಲ್ಲಲ್ಲಿ ಬೆರೆಸಿ. ಪಾಚಿ ಹಿಡಿದ ಸೂರಿನ ಅಂಚಿಗೆ ಐದಾರು ಕಡುಹಸಿರು ಹಾಕಿದರಂತೂ ಮಳೆಗಾಲ ಮುಗಿದ ಮನೆಯೇ ಎದುರಿಗೆ ಬರುತ್ತದೆ. ತರಿಸುವ ಮುನ್ನ ಬ್ರಿಕ್‌ಲಿಂಕ್‌ನ ಉಚಿತ ತಂತ್ರಾಂಶ ‘ಸ್ಟುಡಿಯೋ’ದಲ್ಲಿ ಮಾಡನ್ನು ಕಟ್ಟಿ ನೋಡಿ. ಯಾವ ತುಂಡು ಯಾವ ಬಣ್ಣದಲ್ಲಿ ಬಂದೇ ಇಲ್ಲ ಎಂಬುದು ಅಲ್ಲೇ ತಿಳಿಯುತ್ತದೆ.

ಪ್ರಶ್ನೆ: ಕಂದು ಬಣ್ಣದ ತುಂಡುಗಳು ಮುಟ್ಟಿದರೆ ಒಡೆಯುತ್ತಿವೆ. ಇಲ್ಲಿನ ಸೆಖೆಯೇ ಕಾರಣವೇ? (ಮಸ್ಕತ್)

ಸೆಖೆಯಲ್ಲ. ಸುಮಾರು 2007ರಿಂದ ಮುಂದಿನ ಒಂದು ದಶಕದಲ್ಲಿ ಬಂದ ಕೆಂಗಂದು, ಕಡುಗಂದು, ಕಡುಗೆಂಪು ತುಂಡುಗಳಲ್ಲಿ ಕೆಲವು ಪೆಡಸು ಎಂಬುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ತೊಂದರೆ. ಮೊದಲು ಒಡೆಯುವುದು ಚಿಮಟದಂತೆ ಕಚ್ಚುವ ಕ್ಲಿಪ್‌ಗಳು ಮತ್ತು 1×1 ಪ್ಲೇಟ್‌ಗಳು. ಅವನ್ನು ಬಿಚ್ಚುವಾಗ ತಿರುಚದೆ ನೇರ ಮೇಲಕ್ಕೆಳೆಯಿರಿ. ಪುತ್ತೂರಿನ ಓದುಗರು ಮಾಡಿಗೆ ಹಳೆಯ ಕಂದು ತುಂಡು ಕೊಳ್ಳದಿರುವುದು ಲೇಸು.

ಪ್ರಶ್ನೆ: ಟೆಕ್ನಿಕ್ ಇಟ್ಟಿಗೆಗಳಿಂದ ರಾಟೆ ಕಟ್ಟುತ್ತಿದ್ದೇನೆ. ಭಾರ ಎತ್ತುವಾಗ ಹಲ್ಲುಗಾಲಿಗಳು ಕಟಕಟ ಜಾರುತ್ತವೆ. (ಬೆಳಗಾವಿ)

8 ಹಲ್ಲಿನದಕ್ಕೂ 24 ಹಲ್ಲಿನದಕ್ಕೂ ನಡುವೆ ಸರಿಯಾಗಿ 2 ಗುಬುಟು, ಅಂದರೆ 16 ಮಿ.ಮೀ. ಇರಬೇಕು. ಒಂದೇ ಇಟ್ಟಿಗೆಯ ತೂತುಗಳಲ್ಲಿ ಅದು ತಾನಾಗಿ ಬರುತ್ತದೆ. ಒಂದರ ಮೇಲೊಂದು ಇಟ್ಟಿಗೆಗಳಲ್ಲಿ ಹಾಕುವುದಾದರೆ ನಡುವೆ ಎರಡು ಪ್ಲೇಟ್ ಬೇಕು. ಮೈಸೂರಿನವರಿಗೆ ಹೇಳಿದ ಅದೇ 9.6 ಮತ್ತು 6.4ರ ಲೆಕ್ಕ. ಅಂತರ ಸರಿಯಿದ್ದೂ ಜಾರಿದರೆ ಅಚ್ಚು ಬಾಗುತ್ತಿದೆ ಎಂದರ್ಥ. ಗಾಲಿಯ ಒಂದೇ ಬದಿಯಲ್ಲಿ ಆಧಾರವಿದ್ದರೆ ಹಾಗಾಗುತ್ತದೆ. ಎರಡೂ ಬದಿಗೆ ಇಟ್ಟಿಗೆ ಕೊಟ್ಟು ಬಿಗಿಯಿರಿ. ಅಚ್ಚಿನ ಮೇಲಿನ ಬುಷ್ (ಗಾಲಿ ಸರಿಯದಂತೆ ತಡೆಯುವ ಪುಟ್ಟ ಬಳೆ) ಅನ್ನು ಇಟ್ಟಿಗೆಗೆ ಒತ್ತಿ ಕೂರಿಸಬೇಡಿ, ಕೂದಲೆಳೆಯಷ್ಟು ಸಂದು ಬಿಡಿ. ತಿರುಗುವ ಭಾಗಕ್ಕೆ ಕಪ್ಪು ಪಿನ್ ಹಾಕಬೇಡಿ. ಅದರ ಮೈಮೇಲಿನ ಏಣುಗಳು ಹಿಡಿದಿಡಲೆಂದೇ ಇರುವುದು. ಸಲೀಸಾಗಿ ತಿರುಗಬೇಕಾದರೆ ತಿಳಿಬೂದು ಬಣ್ಣದ ನುಣುಪು ಪಿನ್ (3673).

ಪ್ರಶ್ನೆ: ಕಟ್ಟಿದ ಮಾದರಿಯನ್ನು ಬೇರೆ ಊರಿಗೆ ಸಾಗಿಸಬೇಕು. ಅಂಟು ಹಾಕಲೇ? (ದಾವಣಗೆರೆ)

ಬೇಡ. ಅಂಟು ಇಟ್ಟಿಗೆಗಳನ್ನು ಬೆಸೆದುಬಿಡುತ್ತದೆ, ಆ ಇಟ್ಟಿಗೆಗಳು ಮತ್ತೆಂದೂ ಇನ್ನೊಂದಕ್ಕೆ ಬರುವುದಿಲ್ಲ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದು, ಮಹಡಿ ಮಹಡಿಯಾಗಿ ಬಿಡಿಸಿ, ಪ್ರತಿಯೊಂದನ್ನೂ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯಿಂದ ಎರಡು ಸುತ್ತು ಬಿಗಿಯಾಗಿ ಸುತ್ತಿ. ದಾರಿಯಲ್ಲಿ ಉದುರಿದ ತುಂಡು ಅದೇ ಸುತ್ತಿನೊಳಗೆ, ಉದುರಿದ ಜಾಗದ ಹತ್ತಿರವೇ ಉಳಿಯುತ್ತದೆ. ಪೆಟ್ಟಿಗೆಯ ಸಂದಿಗೆ ಹಳೆಯ ಟವೆಲ್ ತುಂಬಿ. ಥರ್ಮೋಕೋಲ್ ಕಾಳು ಹಾಕಿದರೆ ಗುಬುಟುಗಳ ನಡುವೆ ಸಿಕ್ಕಿಕೊಂಡು ಒಂದೊಂದನ್ನೂ ಸೂಜಿಯಿಂದ ತೆಗೆಯಬೇಕಾಗುತ್ತದೆ. ಬಿಡಿಸುವ ಮುನ್ನ ನಾಲ್ಕೂ ಬದಿಯಿಂದ, ಮೇಲಿನಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.